ಬ್ರೇಕಿಗೂ ಬಿಡುವು ಬೇಕು

ನಮ್ಮ ನಡುಮನೆಯ ಬಾಗಿಲು ಗಾಳಿಗೆ ಬಡಿದುಕೊಳ್ಳದಿರಲೆಂದು ಒಂದು ಕಲ್ಲು ಇಟ್ಟಿದ್ದೇವೆ. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೆಳು. ಬೆಲ್ಲದ ಅಚ್ಚನ್ನು ಓರೆಯಾಗಿ ಸೀಳಿದಂತಿದೆ. ಮನೆಗೆ ಬಂದವರು ತಪ್ಪದೆ ಅದನ್ನು ಎಡವುತ್ತಾರೆ. ಎಡವಿದವರು ತಪ್ಪದೆ ಕೇಳುತ್ತಾರೆ, "ಇದೇನಮ್ಮ, ಬಾಗಿಲಿಗೆ ಇಂಥಾ ಕಲ್ಲು?" ಅದು ಬಾಗಿಲಿನದಲ್ಲ, ಕಾರಿನದು ಎಂದರೆ ನಗುತ್ತಾರೆ. ಲಾರಿಯವರು ಚಕ್ರಕ್ಕೆ ಕಲ್ಲು ಕೊಡುವುದನ್ನು ಎಲ್ಲರೂ ನೋಡಿದ್ದಾರೆ. ಸ್ಪೋರ್ಟ್ಸ್ ಕಾರಿಗೆ ಕಲ್ಲು ಕೊಡುತ್ತಿದ್ದ ಮನೆ ಇಡೀ ಶೆಟ್ಟಿಹಳ್ಳಿಯಲ್ಲಿ ನಮ್ಮದೊಂದೇ. ಸ್ಪೋರ್ಟ್ಸ್ ಕಾರು ಇದ್ದ ಮನೆಯೂ ನಮ್ಮದೊಂದೇ ಆದ್ದರಿಂದ ಇದನ್ನು ದೊಡ್ಡ ದಾಖಲೆಯೆಂದು ಹೇಳಿಕೊಳ್ಳಲಾರೆ.

ದಾಖಲೆ ಎಂದೆ, ನೋಡಿ. ನನಗೆ ಶಾಲೆಯ ದಿನಗಳಿಂದಲೂ ದಿನಚರಿ ಬರೆಯುವ ಚಾಳಿ. ತಾರೀಖು, ವಾರ, ಮಳೆ ಬಂತೋ ಇಲ್ಲವೋ, ಎಷ್ಟು ಗಂಟೆಗೆ ಕರೆಂಟು ಹೋಯಿತು, ಎಲ್ಲಾ ಬರೆದಿಡಬೇಕು. ಆದರೆ ಬರೆದದ್ದನ್ನು ಈಗ ತೆಗೆದು ಓದಿದರೆ ಬೇಕಾದ್ದು ಏನೂ ಸಿಗುವುದಿಲ್ಲ. ನಾವು ಮೂವರು ಸಾವಿನ ಬಾಗಿಲು ತಟ್ಟಿ ಬಂದ ಒಂದು ಭಾನುವಾರದ ಪುಟದಲ್ಲಿ ನನ್ನ ದುಂಡು ಅಕ್ಷರದಲ್ಲಿ ಹೀಗಿದೆ: "ದೇವರಾಯನದುರ್ಗಕ್ಕೆ ಹೋಗಿದ್ದೆವು. ಪುಳಿಯೋಗರೆ ಚೆನ್ನಾಗಿತ್ತು. ಇಳಿಯುವಾಗ ಬ್ರೇಕು ಹಿಡಿಯಲಿಲ್ಲ. ಸಂಜೆ ಬಸ್ಸಿನಲ್ಲಿ ಬಂದೆವು." ಇಷ್ಟೇ. ಬ್ರೇಕಿಗಿಂತ ಪುಳಿಯೋಗರೆ ಮೊದಲು ಬಂದಿದೆ. ಆದ್ದರಿಂದ ಇಲ್ಲಿ ಹೇಳುವುದನ್ನೆಲ್ಲ ನೆನಪಿನಿಂದಲೇ ಹೇಳಬೇಕು.

ಕಾರು ನನ್ನ ಚಿಕ್ಕಪ್ಪ ಗಂಗಾಧರನದು. ಅಪ್ಪನ ತಮ್ಮ. ಮದುವೆಯಾಗದೆ ನಮ್ಮ ಜೊತೆಯಲ್ಲೇ ಇದ್ದ. ಗುಬ್ಬಿಯಿಂದ ಹಿಡಿದು ಕುಣಿಗಲ್ಲಿನವರೆಗೆ ತೆಂಗಿನ ತೋಟಗಳಿಗೆ ಪಂಪ್‌ಸೆಟ್ಟು ಕೂರಿಸುವುದು, ಕೆಟ್ಟರೆ ರಿಪೇರಿ ಮಾಡುವುದು ಅವನ ಕೆಲಸ. ಹಾಗೆ ಕುಣಿಗಲ್ಲಿನ ಹತ್ತಿರದ ಒಂದು ತೋಟಕ್ಕೆ ಹೋದಾಗ ಸೋಗೆ ಮುಚ್ಚಿದ ಏನೋ ಒಂದರೊಳಗಿಂದ ಕೋಳಿಯೊಂದು ಕೂಗುತ್ತಾ ಹೊರಬಂತಂತೆ. ಸೋಗೆ ಸರಿಸಿದರೆ ಕಾರು. ಯಾವ ಕಾಲದಲ್ಲೋ ಯಾರೋ ದೊರೆ ತಂದಿದ್ದ, ಎರಡೇ ಸೀಟಿನ, ತಲೆಯ ಮೇಲೆ ಸೂರಿಲ್ಲದ ಇಂಗ್ಲಿಷ್ ಗಾಡಿ. ಸೀಟಿನ ಮೇಲೆ ಮೂರು ಮೊಟ್ಟೆ. ಚಿಕ್ಕಪ್ಪ ಅದನ್ನು ಬಿಟ್ಟ ಕಣ್ಣು ಬಿಟ್ಟಂತೆ ನೋಡುತ್ತಾ ನಿಂತದ್ದು ಕಂಡು ತೋಟದ ಯಜಮಾನರು, "ತಗೊಂಡ್ ಹೋಗಪ್ಪ, ಕೋಳಿಗೆ ಬೇರೆ ಗೂಡು ಕಟ್ಟಿಸ್ತೀನಿ" ಅಂದರಂತೆ.

ಅದನ್ನು ಎತ್ತಿನ ಗಾಡಿಯ ಹಿಂದೆ ಕಟ್ಟಿಕೊಂಡು ಮೊದಲ ಸಲ ಮನೆ ಮುಂದೆ ತಂದಾಗ ಅಮ್ಮ ಹೊಸ್ತಿಲ ಮೇಲೆ ನಿಂತು ಬಹಳ ಹೊತ್ತು ನೋಡಿದಳು.

"ಇದೇನೋ ಗಂಗಾಧ್ರ, ಬಚ್ಚಲು ತೊಟ್ಟಿಗೆ ಚಕ್ರ ಹಾಕಿಸ್ಕೊಂಡ್ ಬಂದಿದೀಯ?"

"ಅತ್ತಿಗೆ, ಇದು ಸ್ಪೋರ್ಟ್ಸ್ ಕಾರು."

"ಆಟದ ಸಾಮಾನು ಅನ್ನು."

ಅಮ್ಮ ಹೆಬ್ಬೂರಿನಿಂದ ಮದುವೆಯಾಗಿ ಈ ಮನೆಗೆ ಬಂದಾಗ ಚಿಕ್ಕಪ್ಪನಿಗೆ ಹಾಲುಹಲ್ಲು ಬೀಳುವ ವಯಸ್ಸು. ತಲೆ ಬಾಚಿ, ಬುತ್ತಿ ಕಟ್ಟಿ ಶಾಲೆಗೆ ಕಳಿಸಿದವಳು ಅವಳೇ. ಅವನ ಮೀಸೆ ನರೆಯುವ ಕಾಲ ಬಂದರೂ ಅವಳ ಮಾತಿಗೆ ಅವನು ಎದುರಾಡುತ್ತಿರಲಿಲ್ಲ. ಬೆನ್ನ ಹಿಂದೆ ಗೊಣಗುತ್ತಿದ್ದ, ಅಷ್ಟೇ.

ನಮ್ಮ ಮನೆಯ ಧರ್ಮವೊಂದನ್ನು ಇಲ್ಲಿ ಹೇಳದಿದ್ದರೆ ಮುಂದಿನದು ಅರ್ಥವಾಗುವುದಿಲ್ಲ. ನಮ್ಮಲ್ಲಿ ಯಾವುದೂ ದಂಡವಾಗಬಾರದು. ಅಕ್ಕಿ ತೊಳೆದ ನೀರು ಕರಿಬೇವಿನ ಗಿಡಕ್ಕೆ. ಹಳೆಯ ಕ್ಯಾಲೆಂಡರಿನ ಹಿಂಬದಿ ನನ್ನ ಲೆಕ್ಕದ ಅಭ್ಯಾಸಕ್ಕೆ. ಸವೆದ ಸೋಪಿನ ಚೂರು ಹೊಸ ಸೋಪಿನ ಬೆನ್ನಿಗೆ. ಎಪ್ಪತ್ತರ ದಶಕದಲ್ಲಿ ಪೆಟ್ರೋಲು ಒಮ್ಮೆಲೇ ತುಟ್ಟಿಯಾದಾಗ ಈ ಧರ್ಮ ಚಿಕ್ಕಪ್ಪನ ಬಲಗಾಲಿಗೂ ಇಳಿಯಿತು. ಆಗ ಅವನ ಹತ್ತಿರ ಇದ್ದದ್ದು ಹಳೆಯ ವ್ಯಾನು. ಇಳಿಜಾರು ಬಂದರೆ ಸಾಕು, ಗೇರನ್ನು ನ್ಯೂಟ್ರಲ್‌ಗೆ ತಂದು ಎಂಜಿನ್ ಆಫ್ ಮಾಡುತ್ತಿದ್ದ. ತುಮಕೂರಿನಿಂದ ಕುಣಿಗಲ್ಲಿಗೆ ಹೋಗುವ ದಾರಿಯಲ್ಲಿ ಎಲ್ಲೆಲ್ಲಿ ಭೂಮಿ ತಗ್ಗುತ್ತದೆಂದು ಸರ್ವೆ ಇಲಾಖೆಗಿಂತ ಅವನಿಗೆ ಚೆನ್ನಾಗಿ ಗೊತ್ತಿತ್ತು. ಗೂಳೂರಿನ ಹತ್ತಿರ ಆಫ್, ಏರು ಬಂದರೆ ಆನ್, ಹೆಬ್ಬೂರಿಗೆ ಮುಂಚೆ ಮತ್ತೆ ಆಫ್. ಸದ್ದಿಲ್ಲದೆ ವ್ಯಾನು ಜಾರುವಾಗ ಚಿಕ್ಕಪ್ಪನ ಮುಖದಲ್ಲಿ ಹಬ್ಬದ ಕಳೆ. "ಇದು ಪುಗಸಟ್ಟೆ ಸವಾರಿ ಕಣೇ ವಿಮಲಾ. ಭೂಮಿತಾಯಿ ಕೊಡೋದು" ಅನ್ನುತ್ತಿದ್ದ. ಹಿಂದಿನ ಎತ್ತಿನ ಗಾಡಿಯವರು ನಮ್ಮನ್ನು ದಾಟಿ ಹೋದ ದಿನಗಳೂ ಇವೆ.

ಪುಗಸಟ್ಟೆ ಎನ್ನುವುದು ಲೋಕದಲ್ಲಿ ಯಾವುದೂ ಇಲ್ಲವೆಂದು ನಾನು ಬಿ.ಎಸ್‌ಸಿ.ಯಲ್ಲಿ ಭೌತಶಾಸ್ತ್ರ ಓದಿ ಕಲಿತೆ. ಚಿಕ್ಕಪ್ಪ ದೇವರಾಯನದುರ್ಗದ ಇಳಿಜಾರಿನಲ್ಲಿ ಕಲಿತ.

ಆ ಭಾನುವಾರ ಅಮ್ಮ ಮೊಟ್ಟಮೊದಲು ಆ ಕಾರಿನಲ್ಲಿ ಕೂತಿದ್ದಳು. ಒಂದು ವರ್ಷ ಕಷ್ಟಪಟ್ಟು ಚಿಕ್ಕಪ್ಪ ಅದನ್ನು ಓಡುವಂತೆ ಮಾಡಿದ್ದ. ದೇವರಿಗೆ ತೋರಿಸಿಕೊಂಡು ಬರೋಣ ಎಂದು ಹೊರಟದ್ದು. ಎರಡು ಸೀಟಿನಲ್ಲಿ ಅವರಿಬ್ಬರು. ಹಿಂದೆ ಸಾಮಾನಿಡುವ ಸಂದಿಯಲ್ಲಿ ಕಾಲು ಮಡಚಿಕೊಂಡು ನಾನು, ತೊಡೆಯ ಮೇಲೆ ಪುಳಿಯೋಗರೆಯ ಡಬ್ಬಿ, ಪಕ್ಕದಲ್ಲಿ ನೀರಿನ ಕೂಜ. ಹತ್ತುವಾಗ ಎಲ್ಲಾ ಸರಿಯಿತ್ತು. ಇಳಿಯುವಾಗ ಚಿಕ್ಕಪ್ಪ ಅಭ್ಯಾಸದಂತೆ ಎಂಜಿನ್ ಆಫ್ ಮಾಡಿದ. ಹಕ್ಕಿಗಳ ಸದ್ದು ಕೇಳಿಸಿತು. ಅಮ್ಮ, "ಈಗ ನೋಡು, ಈಗ ಚೆನ್ನಾಗದೆ. ಆ ಗಲಾಟೆ ಇಲ್ದಿದ್ರೆ ಎಷ್ಟು ಸುಖ" ಅಂದಳು. ಚಿಕ್ಕಪ್ಪ ಬ್ರೇಕಿನ ಮೇಲೆ ಕಾಲಿಟ್ಟು, ತೆಗೆಯದೆ, ಹದವಾಗಿ ಒತ್ತುತ್ತಾ ತಿರುವಿನಿಂದ ತಿರುವಿಗೆ ಜಾರಿಸಿದ.

ಅರ್ಧ ದಾರಿಯಲ್ಲಿ ಒಂದು ವಾಸನೆ ಬಂತು. ಇಸ್ತ್ರಿಪೆಟ್ಟಿಗೆ ಉಣ್ಣೆಯ ಮೇಲೆ ಮರೆತಂತೆ. ಆಮೇಲೆ ಚಿಕ್ಕಪ್ಪನ ಮೊಣಕಾಲು ಇದ್ದಕ್ಕಿದ್ದಂತೆ ಕೆಳಗೆ ಹೋದದ್ದು ನನಗೆ ಹಿಂದಿನಿಂದ ಕಂಡಿತು. ಪೆಡಲು ನೆಲ ಮುಟ್ಟಿತ್ತು. ಕಾರು ನಿಧಾನವಾಗಲಿಲ್ಲ.

"ಅತ್ತಿಗೆ, ಗಟ್ಟಿಯಾಗಿ ಹಿಡ್ಕಳಿ."

"ಏನ್ ಹಿಡ್ಕಳ್ಳೋ? ಇದ್ರಲ್ಲಿ ಹಿಡ್ಕಳಕ್ಕೆ ಏನೈತೋ?"

ಚಿಕ್ಕಪ್ಪ ಎಂಜಿನ್ ಆನ್ ಮಾಡಿ ಎರಡನೇ ಗೇರಿಗೆ ಹಾಕಿದ. ಯಾರೋ ಹಿಂದಿನಿಂದ ಹಗ್ಗ ಎಳೆದಂತೆ ಕಾರು ಕುಲುಕಿತು. ಡಬ್ಬಿಯ ಮುಚ್ಚಳ ಹಾರಿತು. ತಿರುವಿನ ಒಳಬದಿಗೆ, ಲಂಟಾನ ಪೊದೆಯೊಳಗೆ ಅರ್ಧ ನುಗ್ಗಿ ನಿಂತೆವು. ಯಾರಿಗೂ ಏನೂ ಆಗಿರಲಿಲ್ಲ. ಮುಂದಿನ ಎರಡು ಚಕ್ರಗಳಿಂದ ಹೊಗೆ ಬರುತ್ತಿತ್ತು.

ಮೊದಲು ಕೆಳಗಿಳಿದವಳು ಅಮ್ಮ. ಕಣ್ಣೆದುರಿಗೆ ಹೊಗೆ, ಕೈಯ ಹತ್ತಿರ ಕೂಜ. ಒಲೆಯ ಮುಂದೆ ಮೂವತ್ತು ವರ್ಷ ಕಳೆದ ಹೆಂಗಸು ಏನು ಮಾಡುತ್ತಾಳೋ ಅದನ್ನೇ ಮಾಡಿದಳು. ಚಿಕ್ಕಪ್ಪ "ಬೇಡ, ಬೇಡ!" ಎನ್ನುವಷ್ಟರಲ್ಲಿ ಕೂಜದ ನೀರೆಲ್ಲ ಚಕ್ರದ ಮೇಲೆ. ಛುಂಯ್ ಎಂದಿತು. ಆಮೇಲೆ ಒಳಗಿನಿಂದ, ದೇವಸ್ಥಾನದ ಸಣ್ಣ ಗಂಟೆಯ ಹಾಗೆ, ಟಣ್ ಎಂದಿತು. ಬ್ರೇಕಿನ ಡ್ರಮ್ಮು ಸೀಳಿಹೋಗಿತ್ತು.

ಆ ಡ್ರಮ್ಮನ್ನು ಒಡೆದವರು ಯಾರು ಎಂಬ ವ್ಯಾಜ್ಯ ಇಂದಿಗೂ ತೀರಿಲ್ಲ. "ಕೆಂಪಗೆ ಕಾದ ಕಬ್ಬಿಣಕ್ಕೆ ತಣ್ಣೀರು ಹಾಕ್ತಾರಾ?" ಎಂದು ಚಿಕ್ಕಪ್ಪ. "ಕೆಂಪಗೆ ಕಾಯ್ಸಿದ್ದು ಯಾರು?" ಎಂದು ಅಮ್ಮ. ಬಸ್ಸಿನಲ್ಲಿ ಮನೆಗೆ ಬರುವವರೆಗೂ ಇದೇ. ಕಂಡಕ್ಟರು ಎರಡು ಕಡೆಯ ವಾದವನ್ನೂ ಕೇಳಿ ಅಮ್ಮನ ಪರ ನಿಂತ.

ಅದಾದ ಕೆಲವು ತಿಂಗಳಿಗೆ ಬೆಂಗಳೂರಿನ ಕಾರು ಹುಚ್ಚಿನ ಕೆಲವು ಗೆಳೆಯರಿಂದ ಚಿಕ್ಕಪ್ಪನಿಗೆ ಒಂದು ಕಾಗದ ಬಂತು. ಕುಣಿಗಲ್ಲಿನ ಆಚೆ, ಯುದ್ಧದ ಕಾಲದಲ್ಲಿ ವಿಮಾನ ಇಳಿಸಲೆಂದು ಮಾಡಿ ಬಿಟ್ಟಿದ್ದ ಒಂದು ಸಿಮೆಂಟು ಪಟ್ಟಿ ಇತ್ತು. ಅಲ್ಲಿ ಹಳೆಯ ಕಾರುಗಳನ್ನು ಓಡಿಸಿ ನೋಡುವುದೆಂದು ಅವರು ಗೊತ್ತು ಮಾಡಿದ್ದರು. ಹತ್ತು ಸುತ್ತಿನ ಪಂದ್ಯ. ಚಿಕ್ಕಪ್ಪ ಎರಡು ದಿನ ಆ ಕಾಗದವನ್ನು ಜೇಬಿನಲ್ಲಿಟ್ಟುಕೊಂಡು ತಿರುಗಿ, ಮೂರನೆಯ ದಿನ ಊಟಕ್ಕೆ ಕೂತಾಗ ಅಮ್ಮನಿಗೆ ಹೇಳಿದ. ಅಮ್ಮ ಸಾರು ಬಡಿಸುವುದನ್ನು ನಿಲ್ಲಿಸಲಿಲ್ಲ.

"ಹೋಗು. ನಾನ್ ಬೇಡ ಅನ್ನಕಿಲ್ಲ. ಆದ್ರೆ ಅಲ್ಲಿ ಬ್ರೇಕ್ ಕೈ ಕೊಡ್ತು ಅಂದ್ರೆ, ಅಲ್ಲಿಂದ್ಲೇ ಯಾರಿಗಾದ್ರೂ ಕೊಟ್ ಬಂದ್ಬುಡು. ಆ ಗಾಡಿ ಈ ಮನೆ ಮುಂದೆ ನಿಲ್ಲಕೂಡ್ದು."

"ಆಯ್ತು ಅತ್ತಿಗೆ."

"ಆಯ್ತು ಅಂದ್ರೆ?"

"ಕೊಟ್ಬಿಡ್ತೀನಿ ಅಂದೆ."

ಅವನು ಆ ದಿನ ಮೊಸರನ್ನಕ್ಕೆ ಉಪ್ಪು ಕೇಳಲಿಲ್ಲ. ಮಾತು ಕೊಟ್ಟರೆ ಮುರಿಯುವವನಲ್ಲ ಎಂದು ನಮಗೆಲ್ಲ ಗೊತ್ತಿತ್ತು. ಕೋಳಿಯ ಹಿಕ್ಕೆ ಕೆರೆದು, ಒಂದೊಂದೇ ಬೋಲ್ಟನ್ನು ಸೀಮೆಎಣ್ಣೆಯಲ್ಲಿ ನೆನೆಸಿ, ಎಷ್ಟೋ ಭಾನುವಾರಗಳನ್ನು ಬೆನ್ನು ಬಗ್ಗಿಸಿ ಕಳೆದ ಕಾರು. ಅದು ಅವನ ಮನೆಯಲ್ಲಿ ಇರುತ್ತದೋ ಇಲ್ಲವೋ ಎಂಬುದು ಇನ್ನು ಬ್ರೇಕಿನ ಕೈಯಲ್ಲಿತ್ತು.

ಅಲ್ಲಿಂದ ನಾನೂ ಅವನೂ ಬ್ರೇಕಿನ ಹಿಂದೆ ಬಿದ್ದೆವು. ಬೆಂಗಳೂರಿನ ಫುಟ್‌ಪಾತಿನಲ್ಲಿ ಸಿಕ್ಕ ಹಳೆಯ ಇಂಗ್ಲಿಷ್ ಮೋಟಾರು ಪತ್ರಿಕೆಗಳು ಅವನ ಹತ್ತಿರ ಇದ್ದವು. ಬೇಕಾದ ಲೇಖನದ ಕೊನೆಯ ಪುಟ ಯಾವಾಗಲೂ ಹರಿದಿರುತ್ತಿತ್ತು. ಉಳಿದದ್ದನ್ನು ನನ್ನ ಪಠ್ಯಪುಸ್ತಕದಿಂದ ಊಹಿಸಬೇಕು. ಊಹೆಗೂ ಸಿಗದ್ದು ಅಡುಗೆಮನೆಯಲ್ಲಿ ಸಿಗುತ್ತಿತ್ತು.

ಉದಾಹರಣೆಗೆ, ಪೆಡಲು ನೆಲಕ್ಕೆ ಯಾಕೆ ಹೋಯಿತು? ಒಂದರೊಳಗೊಂದು ಸಿಕ್ಕಿಕೊಂಡ ಸ್ಟೀಲು ಲೋಟಗಳನ್ನು ಅಮ್ಮ ಹೇಗೆ ಬಿಡಿಸುತ್ತಾಳೆಂದು ನೀವೂ ನೋಡಿರುತ್ತೀರಿ. ಹೊರಗಿನ ಲೋಟವನ್ನು ಬಿಸಿನೀರಿನಲ್ಲಿ ಹಿಡಿದರೆ ಅದು ಹಿಗ್ಗಿ, ಒಳಗಿನದನ್ನು ಬಿಟ್ಟುಕೊಡುತ್ತದೆ. ನಮ್ಮ ಕಾರಿನ ಬ್ರೇಕೂ ಹಾಗೆಯೇ. ಹೊರಗೆ ತಿರುಗುವ ಡ್ರಮ್ಮು, ಒಳಗಿನಿಂದ ಅದನ್ನು ಒತ್ತಿ ಹಿಡಿಯುವ ಎರಡು ಪಟ್ಟಿ. ಕಾದ ಡ್ರಮ್ಮು ಹಿಗ್ಗಿ ಪಟ್ಟಿಯಿಂದ ದೂರ ಸರಿಯುತ್ತದೆ. ಅದರ ಜೊತೆಗೆ ಪಟ್ಟಿಯೂ ಕಾದು ತನ್ನ ಹಿಡಿತ ಕಳೆದುಕೊಳ್ಳುತ್ತದೆ. ಒತ್ತಿದಷ್ಟೂ ಕಾಯುತ್ತದೆ, ಕಾದಷ್ಟೂ ಹಿಡಿಯುವುದಿಲ್ಲ, ಹಿಡಿಯದಿದ್ದರೆ ಮನುಷ್ಯ ಇನ್ನೂ ಒತ್ತುತ್ತಾನೆ.

ಇನ್ನೊಂದು ಕಾರಣ ನಮ್ಮ ಅಟ್ಟದ ಮೇಲೆಯೇ ಸಿಕ್ಕಿತು. ಕಾರಿಗೆ ಹಾಕಿದ್ದ ಬ್ರೇಕ್ ಆಯಿಲ್ ಹಳೆಯ ವ್ಯಾನಿಗೆ ತಂದು ಉಳಿದಿದ್ದು. ಅರ್ಧ ಡಬ್ಬಿ, ಮುಚ್ಚಳ ಕಳೆದು ಬಟ್ಟೆ ಕಟ್ಟಿದ್ದು, ಎರಡು ಮಳೆಗಾಲ ಕಂಡದ್ದು. ಆ ಎಣ್ಣೆ ಮಳೆಗಾಲದ ಉಪ್ಪಿನ ಹಾಗೆ ಗಾಳಿಯ ಪಸೆಯನ್ನು ಹೀರುತ್ತದೆ. ಪಸೆ ಹೀರಿದ ಎಣ್ಣೆ ಬೇಗ ಕುದಿಯುತ್ತದೆ. ಕುದಿದರೆ ಗುಳ್ಳೆ. ಪೆಡಲು ಒತ್ತಿದರೆ ಗುಳ್ಳೆ ಅಪ್ಪಚ್ಚಿಯಾಗುತ್ತದೆಯೇ ಹೊರತು ಚಕ್ರಕ್ಕೆ ಏನೂ ತಲುಪುವುದಿಲ್ಲ. ಚಿಕ್ಕಪ್ಪ ಆ ಡಬ್ಬಿಯನ್ನು ಕೈಯಲ್ಲಿ ಹಿಡಿದು ಅಲುಗಾಡಿಸಿ ನೋಡಿದ. "ಚೆಲ್ಬೇಕಾ?" ಎಂದು ಕೇಳಿದ. ಚೆಲ್ಲಬೇಕು ಎಂದೆ. "ಗೇಟಿನ ಕೀಲಿಗಾದ್ರೂ ಆಗಲ್ವಾ?" ಹೊಸ ಡಬ್ಬಿಯನ್ನು ನನ್ನೆದುರಿಗೇ ಒಡೆದು, ಹಳೆಯದನ್ನೆಲ್ಲ ಕೊಳವೆಗಳಿಂದ ಹೊರತೆಗೆದು, ಹೊಸದನ್ನು ತುಂಬಿಸಿದ. ಗೇಟಿನ ಕೀಲು ಆಮೇಲೆ ಕಿರುಗುಟ್ಟಲಿಲ್ಲವೆಂಬುದನ್ನು ಮಾತ್ರ ಗಮನಿಸಿದ್ದೇನೆ.

ಬಚ್ಚಲೊಲೆಯ ಹೊಗೆಕೊಳವೆಗೆ ತಂದಿದ್ದ ತಗಡಿನಲ್ಲಿ ಎರಡು ಕೊಳವೆ ಸುತ್ತಿ, ಮುಂದಿನಿಂದ ನುಗ್ಗುವ ಗಾಳಿ ನೇರ ಚಕ್ರದೊಳಕ್ಕೆ ಹೋಗುವಂತೆ ಕೂರಿಸಿದೆವು. ಸೀಳಿದ ಡ್ರಮ್ಮನ್ನು ಬದಲಿಸಿ, ಪಟ್ಟಿಗೆ ಹೊಸ ಮೇಲುಹೊದಿಕೆ, ಅಂದರೆ ಲೈನಿಂಗ್, ಹಾಕಿಸಿದ ದಿನವೇ ಚಿಕ್ಕಪ್ಪ ಬೆಟ್ಟಕ್ಕೆ ಹೊರಟ. ಅಮ್ಮ ತಡೆದಳು. ಅವಳು ನಮ್ಮ ಕೆಲಸವನ್ನೆಲ್ಲ ಕಿಟಕಿಯಿಂದ ಕೇಳಿಸಿಕೊಳ್ಳುತ್ತಿದ್ದಳೆಂದು ನಮಗೆ ಗೊತ್ತಾದದ್ದು ಆಗಲೇ.

"ಹೊಸದಾ ಅದು?"

"ಹೂಂ ಅತ್ತಿಗೆ."

"ಹೊಸ ಕಾವಲೀಲಿ ಮೊದಲ್ನೇ ದಿನಾನೇ ನೆಂಟ್ರಿಗೆ ದೋಸೆ ಹುಯ್ತಾರೇನೋ? ಕಾಯ್ಸಿ, ಆರ್ಸಿ, ಎಣ್ಣೆ ಈರುಳ್ಳಿ ಉಜ್ಜಿ ಪಳಗಿಸ್ಬೇಕು."

ಈರುಳ್ಳಿ ಉಜ್ಜಲಿಲ್ಲ. ಉಳಿದದ್ದೆಲ್ಲ ಸರಿಯಾಗಿಯೇ ಇತ್ತು. ಪತ್ರಿಕೆಯ ಹರಿಯದ ಪುಟವೂ ಹೊಸ ಲೈನಿಂಗನ್ನು ಕಾಯಿಸಿ, ಆರಿಸಿ ಪಳಗಿಸಬೇಕೆಂದೇ ಹೇಳುತ್ತಿತ್ತು.

ಕಾರನ್ನು ಪಳಗಿಸುವುದು ಸುಲಭವಾಯಿತು. ಚಿಕ್ಕಪ್ಪನ ಕಾಲನ್ನು ಪಳಗಿಸುವುದು ಕಷ್ಟ. ಎಷ್ಟು ವರ್ಷಗಳ ಇಳಿಜಾರಿನ ಅಭ್ಯಾಸ ಅದು. ಬ್ರೇಕಿನ ಮೇಲೆ ಪಾದವನ್ನು ಹಗುರವಾಗಿ ಇಟ್ಟುಕೊಂಡೇ ಇರುವುದು, ಪೂರ್ತಿ ಒತ್ತುವುದೂ ಇಲ್ಲ, ಪೂರ್ತಿ ಬಿಡುವುದೂ ಇಲ್ಲ. ಹಾಗೆ ಸವರುತ್ತಾ ಹೋದರೆ ಬ್ರೇಕಿಗೆ ಆರಲು ಹೊತ್ತೇ ಇಲ್ಲ. ನೇರ ದಾರಿಯಲ್ಲಿ ಒಮ್ಮೆ ಗಟ್ಟಿಯಾಗಿ ಒತ್ತಿ, ವೇಗ ಇಳಿಸಿ, ಗೇರು ಇಳಿಸಿ, ಪೂರ್ತಿ ಬಿಟ್ಟುಬಿಡಬೇಕು. ಬಿಟ್ಟ ಹೊತ್ತಿನಲ್ಲೇ ಗಾಳಿ ತನ್ನ ಕೆಲಸ ಮಾಡುವುದು.

ಇದನ್ನು ಬರೆಯುವಾಗ ಗುಬ್ಬಿಯ ನಮ್ಮ ಅಜ್ಜಿಯ ನೆನಪಾಗುತ್ತದೆ. ಅಪ್ಪನ ತಾಯಿ. ಅಜ್ಜಿ ಬೈದರೆ ಓಣಿಯ ನಾಯಿ ಎದ್ದು ಬೇರೆ ಓಣಿಗೆ ಹೋಗುತ್ತಿತ್ತು. ಆದರೆ ಬೈದು ಮುಗಿದ ಮರುಗಳಿಗೆ, "ಬಾ, ಚಕ್ಕುಲಿ ತಿನ್ನು." ಅಲ್ಲಿಗೆ ಮುಗಿಯಿತು. ಅಮ್ಮ ಹಾಗಲ್ಲ. ಅವಳು ಎಂದೂ ದನಿ ಎತ್ತುವವಳಲ್ಲ. ಸೋಮವಾರದ ತಪ್ಪಿಗೆ ಗುರುವಾರದ ಸಾರಿನಲ್ಲೂ ಒಂದು ಮಾತು ಇರುತ್ತದೆ. ಅಜ್ಜಿಯ ಕೈಕೆಳಗೆ ಬೆಳೆದವರಿಗೆ ಅಜ್ಜಿಯ ಭಯವಿರಲಿಲ್ಲ, ಅಮ್ಮನ ಮೌನಕ್ಕೆ ಅಪ್ಪನೂ ಹೆದರುತ್ತಿದ್ದ. ಇದನ್ನು ಚಿಕ್ಕಪ್ಪನಿಗೆ ಹೇಳಿದೆ. "ಅಜ್ಜಿ ಬೈದ ಹಾಗೆ ಬ್ರೇಕ್ ಒತ್ತು, ಅಮ್ಮ ಬೈದ ಹಾಗಲ್ಲ." ಪತ್ರಿಕೆಯ ಇಂಗ್ಲಿಷಿನಿಂದ ತಲೆಗೆ ಹೋಗದ್ದು ಇದರಿಂದ ಹೋಯಿತು. ಕಿಟಕಿಯೊಳಗೆ ಪಾತ್ರೆಯ ಸದ್ದು ಒಂದು ಕ್ಷಣ ನಿಂತದ್ದನ್ನು ನಾವಿಬ್ಬರೂ ಕೇಳಿಸಿಕೊಂಡೆವು. ಅದರ ಉತ್ತರ ಗುರುವಾರ ಬಂತು.

ಪ್ರತಿ ಭಾನುವಾರ ಬೆಟ್ಟಕ್ಕೆ ಹೋಗುತ್ತಿದ್ದೆವು. ನಾನು ತಿರುವಿನಲ್ಲಿ ಇಳಿದು ನಿಲ್ಲುತ್ತಿದ್ದೆ. ಚಿಕ್ಕಪ್ಪ ಮೇಲಿನಿಂದ, ಈ ಸಲ ಎಂಜಿನ್ ಆನ್ ಇಟ್ಟು, ಎರಡನೇ ಗೇರಿನಲ್ಲಿ ಇಳಿದು ನನ್ನನ್ನು ದಾಟಿ ಹೋಗುತ್ತಿದ್ದ. ನಾನು ನೋಡುತ್ತಿದ್ದದ್ದು ಹಿಂದಿನ ಕೆಂಪು ದೀಪ. ಕಾಲು ಬ್ರೇಕಿನ ಮೇಲಿದ್ದರೆ ದೀಪ ಉರಿಯುತ್ತದೆ, ತೆಗೆದರೆ ಆರುತ್ತದೆ; ಅದಕ್ಕೆ ಸುಳ್ಳು ಹೇಳಲು ಬರುವುದಿಲ್ಲ. ಮೊದಮೊದಲು ಇಡೀ ತಿರುವು ಕೆಂಪು. "ಬಿಟ್ಟಿದ್ದೆ ಕಣೇ!" ಎಂದು ವಾದಿಸುತ್ತಿದ್ದ. ಪಾಪ, ಬಿಟ್ಟಿದ್ದೇನೆಂದೇ ಅವನು ನಂಬಿದ್ದ. ನಾವು ಬಿಟ್ಟಿದ್ದೇವೆಂದು ತಿಳಿದುಕೊಂಡು ಹಿಡಿದೇ ಇರುವ ಸಂಗತಿಗಳು ಬಾಳಿನಲ್ಲಿ ಎಷ್ಟೋ. ನಮ್ಮ ಬೆನ್ನಿಗೂ ಅಂಥದೊಂದು ದೀಪ ಇದ್ದಿದ್ದರೆ ಒಳ್ಳೆಯದಿತ್ತು ಎಂದು ಆ ಬೆಟ್ಟದ ತಿರುವಿನಲ್ಲಿ ನಿಂತು ಅನೇಕ ಸಲ ಅನ್ನಿಸಿದೆ.

ಕೆಳಗೆ ಬಂದು ನಿಲ್ಲಿಸಿದ ಮೇಲೂ ಒಂದು ಪಾಠ. ಕಾದ ಡ್ರಮ್ಮಿಗೆ ಹ್ಯಾಂಡ್‌ಬ್ರೇಕ್ ಎಳೆದರೆ ಪಟ್ಟಿ ಅಲ್ಲೇ ಕಚ್ಚಿಕೊಳ್ಳುತ್ತದೆ, ಡ್ರಮ್ಮು ಆರುತ್ತಾ ಸೊಟ್ಟಗಾಗುತ್ತದೆ. ಅದಕ್ಕೇ ಬೆಟ್ಟದ ಬುಡದಲ್ಲಿ ಆರಿಸಿ ತಂದ ಆ ಕಲ್ಲು. ಕಾರು ನಿಂತಿತೋ, ನಾನು ಇಳಿದು ಚಕ್ರದ ಹಿಂದೆ ಇಡಬೇಕು. ದೇವಸ್ಥಾನಕ್ಕೆ ಬಂದವರು, "ಏನಮ್ಮಾ, ಇಷ್ಟ್ ಶೋಕಿ ಗಾಡಿಗೆ ಕಲ್ಲು ಕೊಡ್ತೀಯಲ್ಲ!" ಎಂದು ನಗುತ್ತಿದ್ದರು.

ಕುಣಿಗಲ್ಲಿಗೆ ಹೋಗುವ ದಿನ ಬಂತು. ಅಲ್ಲಿ ನಡೆದದ್ದನ್ನು ನಾನು ಬಂದು ಹೇಳುತ್ತೇನೆಂದು ಅಮ್ಮನಿಗೆ ಹೇಳಿದೆ.

"ನೀನಾ? ಬರ್ದ್ಕೊಂಡ್ ಬರ್ತೀಯ. ಬಿಸ್ಲು ಜೋರಾಗಿತ್ತು ಅಂತ. ನಾನೇ ಬರ್ತೀನಿ ನಡಿ."

ಚಿಕ್ಕಪ್ಪ ಕಾರಿನಲ್ಲಿ ಮುಂದೆ ಹೋದ. ನಾನೂ ಅಮ್ಮನೂ ಬಸ್ಸಿನಲ್ಲಿ ಕುಣಿಗಲ್ಲಿಗೆ ಬಂದು, ಅಲ್ಲಿಂದ ಒಂದು ಟ್ರ್ಯಾಕ್ಟರಿನಲ್ಲಿ ಆ ಸಿಮೆಂಟು ಪಟ್ಟಿಯ ಹತ್ತಿರ ಇಳಿದೆವು. ಹೋಗಿ ನೋಡಿದರೆ ಏಳೆಂಟು ಕಾರುಗಳು ಒಂದು ಕಡೆ ಸಾಲಾಗಿ ನಿಂತಿವೆ, ಬೆಂಗಳೂರಿನವರು ಕರಿ ಕನ್ನಡಕ ಹಾಕಿಕೊಂಡು ತಲೆ ಕೆರೆಯುತ್ತಿದ್ದಾರೆ. ಪಟ್ಟಿಯ ಉದ್ದಕ್ಕೂ ಹುರುಳಿ ಹರಡಿತ್ತು. ಸುತ್ತಲಿನ ಊರಿನವರಿಗೆ ಅದು ಸರ್ಕಾರ ಕಟ್ಟಿಸಿಕೊಟ್ಟ ದೊಡ್ಡ ಕಣ. ಒಬ್ಬ ಮುದುಕಿ ಗಿಡಗಳನ್ನು ಮಗುಚುತ್ತಾ ಬೆಂಗಳೂರಿನವರಿಗೆ ಧೈರ್ಯ ಹೇಳುತ್ತಿದ್ದಳು.

"ಓಡ್ಸ್ಕಳಿ, ಓಡ್ಸ್ಕಳಿ. ನಾವೇನ್ ಬ್ಯಾಡ ಅಂದೋವಾ? ನಾಕ್ ಸಲ ಮೇಲೆ ಹಾಯ್ಸಿದ್ರೆ ನಮ್ದೂ ಒಕ್ಕಣೆ ಆಯ್ತದೆ."

ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು ಮುಂದಾಳಾಗಿ ಮುದುಕಿಯ ಜೊತೆ ಮಾತಾಡಿದಳು. ಊರಿನವರೂ ಕರಿ ಕನ್ನಡಕದವರೂ ಸೇರಿ ಹುರುಳಿಯನ್ನು ಒಂದು ಬದಿಗೆ ಸರಿಸುವ ಹೊತ್ತಿಗೆ ಬಿಸಿಲು ನೆತ್ತಿಗೆ ಬಂದಿತ್ತು.

ಪಟ್ಟಿಯ ಎರಡು ತುದಿಗೂ ಸುಣ್ಣ ಬಳಿದ ಟಾರಿನ ಪೀಪಾಯಿ ಇಟ್ಟಿದ್ದರು. ಜೋರಾಗಿ ಹೋಗುವುದು, ಪೀಪಾಯಿ ಸುತ್ತುವುದು, ಜೋರಾಗಿ ಬರುವುದು, ಮತ್ತೆ ಸುತ್ತುವುದು. ಬ್ರೇಕನ್ನು ಕೊಲ್ಲಲು ಇದಕ್ಕಿಂತ ಒಳ್ಳೆಯ ದಾರಿ ಇರಲಾರದು. ಉದ್ದನೆಯ ಓಟದಲ್ಲಿ ಕೂಡಿಸಿದ ವೇಗವನ್ನೆಲ್ಲ ಪ್ರತಿ ತುದಿಯಲ್ಲೂ ಬೆಂಕಿಗೆ ಹಾಕಬೇಕು.

ಕಾರುಗಳು ಹೊರಟವು. ನಾವು ಒಂದು ತುದಿಯಲ್ಲಿ, ಕಾರುಗಳ ಬೆನ್ನು ಕಾಣುವಂತೆ ಪೀಪಾಯಿಗಿಂತ ಸ್ವಲ್ಪ ಈಚೆ, ಹುರುಳಿಯ ಮೆದೆಯ ಪಕ್ಕದಲ್ಲಿ ನಿಂತಿದ್ದೆವು. ಮೊದಲ ಸುತ್ತನ್ನು ಚಿಕ್ಕಪ್ಪ ನಿಧಾನವಾಗಿಯೇ ಮಾಡಿದ, ಬ್ರೇಕಿಗೆ ಹದವಾಗಿ ಕಾವು ಬರಲೆಂದು. ಆಮೇಲೆ ಬಿಟ್ಟ. ನಾನು ಅಮ್ಮನಿಗೆ ಕೆಂಪು ದೀಪ ತೋರಿಸಿಕೊಟ್ಟೆ. ಪೀಪಾಯಿಗೆ ಮುಂಚೆ ಒಮ್ಮೆ ಕೆಂಪು, ತಕ್ಷಣ ಆರಿತು, ತಿರುಗಿದ, ಹೋದ. ಅಜ್ಜಿ ಬೈದ ಹಾಗೆಯೇ. ಒಂದೊಂದು ಸುತ್ತಿಗೂ ಒಬ್ಬೊಬ್ಬರನ್ನು ಹಿಂದೆ ಹಾಕುತ್ತಾ, ಅರ್ಧ ಮುಗಿಯುವ ಹೊತ್ತಿಗೆ ಮೂರನೆಯವನಾಗಿದ್ದ. ಅಮ್ಮ ನನ್ನ ಮುಂಗೈಯನ್ನು ಹಿಡಿದುಕೊಂಡಿದ್ದಳು, ಪ್ರತಿ ಸಲ ದೀಪ ಕೆಂಪಾದಾಗ ಒತ್ತುತ್ತಿದ್ದಳು, ಆರಿದಾಗ ಬಿಡುತ್ತಿದ್ದಳು.

ಇನ್ನು ಮೂರು ಸುತ್ತು ಉಳಿದಿದ್ದಾಗ ದೀಪ ಎರಡು ಸಲ ಉರಿಯಿತು. ಕೆಂಪು, ಆರಿತು, ಮತ್ತೆ ಕೆಂಪು. ಏನಾಯಿತೆಂದು ನನಗೆ ಗೊತ್ತಾಯಿತು. ಒಂದು ಸಲ ಒತ್ತಿದ್ದು ಸಾಲದೆ, ಪೆಡಲು ಕೆಳಗೆ ಹೋಗಿ, ಇನ್ನೊಮ್ಮೆ ಒತ್ತಿ ಹಿಡಿತ ತಂದುಕೊಂಡಿದ್ದಾನೆ. ಕಾರು ಪೀಪಾಯಿಯನ್ನು ಸುತ್ತಿತು, ಸ್ವಲ್ಪ ಅಗಲವಾಗಿ.

"ಯಾಕೆ ಎರಡ್ ಸಲ ಉರೀತು?" ಎಂದಳು ಅಮ್ಮ.

ನಾನು ಬಾಯಿ ತೆರೆಯುವ ಮುಂಚೆ ಅವಳೇ "ನೋಡು, ನೋಡು" ಅಂದಳು. ಚಿಕ್ಕಪ್ಪನ ಕಾರು ಒಂದು ಬದಿಗೆ ಸರಿದಿತ್ತು. ಎಂಜಿನ್ ಸದ್ದು ತಗ್ಗಿತ್ತು. ಹಿಂದಿದ್ದ ಕಾರು ಅವನನ್ನು ದಾಟಿತು. ಅದರ ಹಿಂದಿನದೂ ದಾಟಿತು. ನೇರ ದಾರಿಯಲ್ಲಿ ಅವನು ಬ್ರೇಕನ್ನು ಮುಟ್ಟದೆ, ಬರೀ ಗಾಳಿಗೆ ಒಡ್ಡಿಕೊಂಡು, ಹೆಂಗಸರನ್ನು ಕೂರಿಸಿಕೊಂಡ ಟಾಂಗಾದವನ ಹಾಗೆ ಬರುತ್ತಿದ್ದ. ಊರಿನ ಹುಡುಗರಿಗೆ ಇದಕ್ಕಿಂತ ಹಬ್ಬ ಬೇಕೆ?

"ಏನ್ಲಾ 'ದು, ಮದ್ವೆ ಮೆರವಣಿಗೆನಾ?"

"ಯಜಮಾನ್ರೇ, ತಳ್ಳಬೇಕಾ? ಬರೋವಾ?"

ಉಳಿದ ಸುತ್ತುಗಳನ್ನೂ ಅವನು ಹಾಗೆಯೇ ಮುಗಿಸಿದ. ಎಲ್ಲರಿಗಿಂತ ಕೊನೆಗೆ. ಪಂದ್ಯ ಮುಗಿದ ಮೇಲೂ ನಿಲ್ಲಿಸದೆ, ಬ್ರೇಕು ಆರಲೆಂದು ಇನ್ನೊಂದು ಖಾಲಿ ಸುತ್ತು ಹೊಡೆದ. ಆಮೇಲೆ ನಮ್ಮ ಹತ್ತಿರ ಬಂದು, ಮೆಲ್ಲಗೆ ನಿಲ್ಲಿಸಿ ಇಳಿದ. ಮುಖಕ್ಕೆಲ್ಲ ಹುರುಳಿಯ ಧೂಳು.

ಅವನು ಏನೂ ಹೇಳದಿದ್ದರೆ ಆಗುತ್ತಿತ್ತು. ಕಾರು ಎಲ್ಲಿಗೂ ಗುದ್ದಿರಲಿಲ್ಲ, ಹೊಗೆ ಬಂದಿರಲಿಲ್ಲ, ಹತ್ತು ಸುತ್ತೂ ಮುಗಿದಿತ್ತು. ಎಂಜಿನ್ ಬಿಸಿಯಾಯಿತು ಎಂದಿದ್ದರೂ ಅಮ್ಮ ನಂಬುತ್ತಿದ್ದಳು. ನಾನು ಅವನ ಕಣ್ಣನ್ನು ಹುಡುಕಿದೆ. ಅವನು ನನ್ನನ್ನು ನೋಡಲೇ ಇಲ್ಲ.

"ಅತ್ತಿಗೆ, ಬ್ರೇಕ್ ಮೆತ್ತಗಾಯ್ತು."

"ಯಾವಾಗ?"

"ಆ ತಿರುವಿನಲ್ಲಿ. ಪೆಡಲು ಕೆಳಕ್ಕೆ ಹೋಯ್ತು. ಎರಡ್ನೇ ಸಲ ಒತ್ತಿದ್ಮೇಲೆ ಹಿಡೀತು."

ಅಮ್ಮ ಕಾರನ್ನು ನೋಡಿದಳು. ಅಷ್ಟು ದೂರದಲ್ಲಿ ಬೆಂಗಳೂರಿನವರು ಗೆದ್ದವನ ಬೆನ್ನು ತಟ್ಟುತ್ತಿದ್ದರು. ಅವರಲ್ಲೊಬ್ಬ ಆಗಲೇ ಬೆಳಿಗ್ಗೆ, ಮಾರೋದಾದ್ರೆ ನನಗೇ ಹೇಳಿ ಎಂದು ಚಿಕ್ಕಪ್ಪನ ಹತ್ತಿರ ಕೇಳಿದ್ದ. ಚಿಕ್ಕಪ್ಪ ಜೇಬಿನಿಂದ ಕಾರಿನ ಬೀಗದ ಕೈ ತೆಗೆದು ಅಂಗೈಯಲ್ಲಿಟ್ಟುಕೊಂಡು, ಅವನು ಎಲ್ಲಿದ್ದಾನೆಂದು ಕಣ್ಣಲ್ಲೇ ಹುಡುಕುತ್ತಿದ್ದ.

"ಮೆತ್ತಗಾದಾಗ ಏನ್ ಮಾಡ್ದೆ?" ಎಂದಳು ಅಮ್ಮ.

"ನಿಧಾನ ಮಾಡ್ದೆ. ಆರ್ಲಿ ಅಂತ."

"ಅವ್ರನ್ನೆಲ್ಲ ಮುಂದೆ ಬುಟ್ಯಾ?"

"ಬಿಟ್ಟೆ."

"ಎಷ್ಟ್ ಜನಾನ?"

"ಎಲ್ಲಾರನ್ನೂ ಅತ್ತಿಗೆ."

"ಆ ಹುಡ್ಗುರು ಅಂದಿದ್ದು ಕೇಳಿಸ್ತಾ?"

"ಕೇಳಿಸ್ತು."

"ಕೇಳಿಸಿದ್ಮೇಲೂ ಜೋರ್ ಮಾಡ್ಲಿಲ್ಲ?"

ಚಿಕ್ಕಪ್ಪ ಇಲ್ಲವೆಂದು ತಲೆಯಾಡಿಸಿದ. ಮೀಸೆ ನರೆತವನು ಶಾಲೆಯ ಹುಡುಗನಂತೆ ನಿಂತಿದ್ದ.

ಅಮ್ಮ ಸೆರಗಿನ ತುದಿಯಿಂದ ಅವನ ಹಣೆಯ ಮೇಲಿನ ಧೂಳನ್ನು ಒರೆಸಿದಳು. "ಹಂಗಾದ್ರೆ ಬ್ರೇಕ್ ಕೈ ಕೊಡ್ಲಿಲ್ಲ ಬುಡು" ಅಂದಳು.

ಅವನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಆ ಹೊತ್ತಿಗೆ ಅಮ್ಮ ಚಪ್ಪಲಿ ಕೊಡವಿ, ಸೀರೆಯ ನೆರಿಗೆ ಎತ್ತಿ ಹಿಡಿದು, ಆ ಗಿಡ್ಡ ಬಾಗಿಲನ್ನು ತಾನೇ ತೆರೆದು ಒಳಗೆ ಕೂತಾಗಿತ್ತು.

"ಏನ್ ನೋಡ್ತಿದೀಯ? ಒಂದ್ ಸುತ್ತು ನಡಿ. ಆ ಬಿಳೇ ಪೀಪಾಯಿತಂಕ ಹೋಗಿ ಬರೋಣ."

"ಅತ್ತಿಗೆ, ನಿಧಾನಕ್ಕೇ ಹೋಗ್ತೀನಿ."

"ಹೋಗು ಹೋಗು."

ಅವರು ಹೊರಟರು. ನಾನೂ, ಹುರುಳಿ ಮಗುಚುತ್ತಿದ್ದ ಮುದುಕಿಯೂ ನೋಡುತ್ತಾ ನಿಂತೆವು. ಖಾಲಿ ಪಟ್ಟಿಯ ಮೇಲೆ ಆ ಪುಟ್ಟ ಕಾರು ದೂರ ದೂರ ಹೋಯಿತು. ಅಮ್ಮನ ಸೆರಗು ಒಮ್ಮೆ ಗಾಳಿಗೆ ಎದ್ದು ನಿಂತಿತು. ಅರ್ಧ ದಾರಿಯಲ್ಲಿ ಅವಳ ಕೈ ಹೊರಗೆ ಬಂದು ಮುಂದಕ್ಕೂ ಹಿಂದಕ್ಕೂ ಆಡಿತು. ಏನು ಹೇಳುತ್ತಿದ್ದಾಳೆಂದು ಅಷ್ಟು ದೂರದಿಂದ ಗೊತ್ತಾಗಲಿಲ್ಲ.

"ನಿಲ್ಸು ಅಂತಾವ್ಳೇನೋ, ಪಾಪ" ಎಂದಳು ಮುದುಕಿ.

ಕಾರಿನ ಸದ್ದು ಏರಿತು.